ಎಕೋದಲ್ಲಿ ಇಎಫ್ 60 ಬಂದರೆ ಗಾಬರಿ ಬೇಡ

ಎಕೋ ರಿಪೋರ್ಟ್ ಕೈಗೆ ಬಂದ ಕೂಡಲೇ ಮನೆಮಂದಿಯ ಕಣ್ಣು ಬೀಳುವುದು 'ಇಎಫ್ 60%' ಎಂಬ ಸಾಲಿನ ಮೇಲೆ. ಹೃದಯದ ಶಕ್ತಿಯಲ್ಲಿ ನಲವತ್ತು ಭಾಗ ಹೋಗೇಬಿಟ್ಟಿತು ಎಂದು ಕಂಗಾಲಾಗುವವರಿದ್ದಾರೆ. ಈ ಸಂಖ್ಯೆಯನ್ನು ಪರೀಕ್ಷೆಯ ಅಂಕದಂತೆ ಓದಬಾರದು.

ಹೃದಯದ ಎಡ ಕೆಳಕೋಣೆಯಲ್ಲಿ ತುಂಬಿಕೊಂಡ ರಕ್ತದಲ್ಲಿ ಒಂದು ಬಡಿತಕ್ಕೆ ಎಷ್ಟು ಪಾಲು ಹೊರಹೋಗುತ್ತದೆ ಎಂಬ ಲೆಕ್ಕವೇ ಇಎಫ್. 120 ಮಿ.ಲೀ. ತುಂಬಿ 72 ಮಿ.ಲೀ. ಹೊರಬಿದ್ದರೆ ಅದು ಶೇ 60. ಪೂರ್ತಿ ಖಾಲಿಯಾಗುವ ಹೃದಯ ಯಾರಿಗೂ ಇಲ್ಲ. ಸುಮಾರು 55ರಿಂದ 70 ಸಹಜ. 40ಕ್ಕಿಂತ ಇಳಿದಿದ್ದರೆ ಪಂಪಿಂಗ್ ಕುಗ್ಗಿದೆ ಎಂದರ್ಥ, ತಡಮಾಡದೆ ಹೃದ್ರೋಗ ತಜ್ಞರನ್ನು ಕಾಣಬೇಕು. ಕಳೆದ ಸಲದ 60 ಈ ಸಲ 57 ಆಗಿದ್ದರೆ ಸಾಮಾನ್ಯವಾಗಿ ನಿದ್ದೆಗೆಡಬೇಕಿಲ್ಲ. ಅಳೆಯುವವರು ಬದಲಾದರೂ ಇಷ್ಟು ವ್ಯತ್ಯಾಸ ಬರುತ್ತದೆ.

ರಿಪೋರ್ಟ್‌ನಲ್ಲಿ ಹೆದರಿಸುವ ಇನ್ನೊಂದು ಪದ 'ಟ್ರಿವಿಯಲ್ ಟಿಆರ್'. ಹಾಗೆಂದರೆ ಹೃದಯದ ಕವಾಟದ ಅತಿ ಸಣ್ಣ ಸೋರಿಕೆ, ಆರೋಗ್ಯವಂತರಲ್ಲೂ ಸಾಮಾನ್ಯ.

ನಿಜವಾಗಿ ಎಚ್ಚರ ಬೇಕಿರುವುದು ಬೇರೆ ಕಡೆ. ಮಾಮೂಲಿ ಎಕೋ ರಕ್ತನಾಳದ ಬ್ಲಾಕ್‌ಗಳನ್ನು ನೇರವಾಗಿ ತೋರಿಸುವುದಿಲ್ಲ. ಮೆಟ್ಟಿಲು ಹತ್ತುವಾಗ ಎದೆ ಹಿಂಡಿದಂತಾದರೆ, 'ಎಕೋ ನಾರ್ಮಲ್' ಇದೆಯೆಂದು ಸುಮ್ಮನಿರದೆ ವೈದ್ಯರಿಗೆ ಹೇಳಲೇಬೇಕು. ಟ್ರೆಡ್‌ಮಿಲ್ ಪರೀಕ್ಷೆ (ಟಿಎಂಟಿ) ಬೇಕೋ ಆಂಜಿಯೋಗ್ರಾಂ ಬೇಕೋ ಎಂದು ಅವರು ನಿರ್ಧರಿಸುತ್ತಾರೆ. ಕೂತಲ್ಲೇ ನೋವು ಬಂದು ನಿಲ್ಲದಿದ್ದರೆ ಕೂಡಲೇ 108ಕ್ಕೆ ಕರೆ ಮಾಡಿ.