ಗಾಲ್ಫ್ ಹಂಗಾಮು, ಕಬ್ಬಿನ ಬಿಲ್ಲು

ಭಾರತೀನಗರದ ಬಹುಪಾಲು ಕುಟುಂಬಗಳ ಹಣಕಾಸಿನ ವರ್ಷವು ಏಪ್ರಿಲ್‌ನಲ್ಲಿ ಆರಂಭವಾಗಿ ಮಾರ್ಚ್‌ನಲ್ಲಿ ಮುಗಿಯುವಂಥದ್ದಲ್ಲ. ಗದ್ದೆಯ ಕಬ್ಬು ಯಾವಾಗ ಕಟಾವಾಯಿತು, ಕಾರ್ಖಾನೆಯ ತೂಕದಲ್ಲಿ ಎಷ್ಟು ಬಂತು, ಕಟಾವು ಮತ್ತು ಸಾಗಣೆಯ ಕೂಲಿ ಕಳೆದು ಖಾತೆಗೆ ಎಷ್ಟು ಜಮೆಯಾಯಿತು ಎಂಬುದರ ಮೇಲೆಯೇ ಆ ವರ್ಷದ ಮದುವೆ, ಮನೆ ದುರಸ್ತಿ, ಸಹಕಾರ ಸಂಘದ ಸಾಲ ತೀರುವಳಿ ಎಲ್ಲವೂ ನಿಂತಿರುತ್ತವೆ. ಇಂಥ ಊರಿನ ಓದುಗರಿಗೆ ಗಾಲ್ಫ್ ಕ್ಲಬ್ಬಿನ ಖರ್ಚಿನ ವಿಚಾರ ದೂರದ್ದೆಂದು ತೋರಬಹುದಾದರೂ, 2023ರ ಮಾರ್ಚ್‌ನಲ್ಲಿ ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇ ಉದ್ಘಾಟನೆಯಾದ ಮೇಲೆ ಮದ್ದೂರಿನ ಒಂದು ಬದಿಗೆ ಬಿಡದಿಯ ಈಗಲ್‌ಟನ್ ಮೈದಾನ, ಇನ್ನೊಂದು ಬದಿಗೆ ಮೈಸೂರು ರೇಸ್‌ಕೋರ್ಸ್ ಆವರಣದ ಜಯಚಾಮರಾಜ ಒಡೆಯರ್ ಗಾಲ್ಫ್ ಕ್ಲಬ್ ಎರಡೂ ಬೆಳಗಿನ ಪ್ರಯಾಣದಷ್ಟು ಹತ್ತಿರವಾಗಿವೆ. ಬೆಂಗಳೂರಿನಲ್ಲಿ ಕೆಲಸ ಮಾಡುವ ಮಗನೋ ಮಗಳೋ ಸದಸ್ಯತ್ವದ ಮಾತೆತ್ತಿದಾಗ, ಪ್ರವೇಶಧನಕ್ಕೆ ಕೈಹಾಕುವುದು ಸಾಮಾನ್ಯವಾಗಿ ಊರಿನ ಕಬ್ಬಿನ ಹಣಕ್ಕೇ.

ಕರ್ನಾಟಕದಲ್ಲಿ ಈ ಆಟದ ಬೇರು ಹಳೆಯದು. ಬೆಂಗಳೂರು ಗಾಲ್ಫ್ ಕ್ಲಬ್ ಸ್ಥಾಪನೆಯಾದದ್ದು 1876ರಲ್ಲಿ; ಬ್ರಿಟಿಷ್ ದ್ವೀಪಗಳ ಹೊರಗೆ ಇಂದಿಗೂ ಉಳಿದಿರುವ ಅತ್ಯಂತ ಹಳೆಯ ಗಾಲ್ಫ್ ಕ್ಲಬ್ಬುಗಳ ಸಾಲಿನಲ್ಲಿ, 1829ರ ಕಲ್ಕತ್ತೆಯ ಕ್ಲಬ್ಬಿನೊಂದಿಗೆ, ಅದರ ಹೆಸರೂ ಬರುತ್ತದೆ. ದಂಡಿನ ಅಧಿಕಾರಿಗಳು, ಕಾಫಿ ತೋಟದ ಒಡೆಯರು, ಕೋಲಾರದ ಚಿನ್ನದ ಗಣಿಯ ಎಂಜಿನಿಯರುಗಳು ಬೆಳೆಸಿದ ಈ ಕ್ಲಬ್ ಪದ್ಧತಿಯ ಆರ್ಥಿಕ ತಿರುಳು ಒಂದೇ: ಸದಸ್ಯನು ಕ್ಲಬ್ಬಿನೊಳಗೆ ನಗದು ಮುಟ್ಟುವುದಿಲ್ಲ, ಚಿಟ್ಟಿಗೆ ಸಹಿ ಹಾಕುತ್ತಾನೆ. ಬೆಂಗಳೂರು ಕ್ಲಬ್ಬಿನ 1899ರ ದಾಖಲೆಯಲ್ಲಿ, ಆಗ ಅದರ ಹೆಸರು ಯುನೈಟೆಡ್ ಸರ್ವಿಸ್ ಕ್ಲಬ್ ಎಂದಿತ್ತು, ಬಾಕಿದಾರರ ಪಟ್ಟಿಯಲ್ಲಿ 13 ರೂಪಾಯಿ ಉಳಿಸಿಕೊಂಡ ಯುವ ಸೇನಾಧಿಕಾರಿ ವಿನ್‌ಸ್ಟನ್ ಚರ್ಚಿಲ್ ಅವರ ಹೆಸರಿರುವುದು ಪ್ರಸಿದ್ಧ. ಮುಂದೆ ಒಂದು ಸಾಮ್ರಾಜ್ಯದ ಖಜಾನೆಯನ್ನೇ ನೋಡಿಕೊಂಡವರಿಗೂ ಚಿಟ್ಟಿನ ಲೆಕ್ಕ ತಪ್ಪಿತ್ತು ಎಂಬುದು ಸಣ್ಣ ಸಮಾಧಾನ.

ಈ ಅಂಕಣಕಾರನು ಕ್ಲಬ್ಬೊಂದರ ಸದಸ್ಯರಾದ ಬಂಧುವಿನ ಖಾಯಂ ಅತಿಥಿಯಾಗಿ ಒಂದು ಇಡೀ ಹಂಗಾಮು ಕಳೆದು, ತನ್ನ ಪಾಲಿನ ಖರ್ಚನ್ನು ಮನೆಯ ಜಮಾಖರ್ಚು ಪುಸ್ತಕದಲ್ಲಿ ಬರೆದಿಡುತ್ತ ಬಂದಾಗ ಗಮನಕ್ಕೆ ಬಂದ ಮೊದಲ ಸಂಗತಿಯೂ ಚಿಟ್ಟಿನದೇ. ಕಾರ್ಬನ್ ಹಾಳೆ ಇಟ್ಟ ಸಣ್ಣ ಪುಸ್ತಕ, ಅದರ ಮೇಲೆ ಸದಸ್ಯನ ಸಂಖ್ಯೆ, ಕೆಳಗೆ ಗೀಚಿದ ಸಹಿ. ಎರಡು ಕಾಫಿ, ಒಂದು ಪ್ಲೇಟು ಆಮ್ಲೆಟ್, ಚೀಲ ಹೊರುವ ಇಬ್ಬರು ಕ್ಯಾಡಿಗಳ ಕೂಲಿ, ಅತಿಥಿಯ ಮೈದಾನ ಶುಲ್ಕ, ಎಲ್ಲವೂ ಬೇರೆಬೇರೆ ಚಿಟ್ಟುಗಳಲ್ಲಿ ಚದುರಿಹೋಗಿ, ಮುಂದಿನ ತಿಂಗಳ ಮೊದಲ ವಾರದಲ್ಲಿ ಒಂದೇ ಬಿಲ್ಲಾಗಿ ಮನೆಗೆ ಬರುತ್ತಿದ್ದವು. ಸಹಿ ಹಾಕುವ ಗಳಿಗೆಗೂ ಹಣ ತೆರುವ ಗಳಿಗೆಗೂ ನಡುವೆ ಒಂದು ತಿಂಗಳ ಅಂತರವಿದ್ದಾಗ ಖರ್ಚಿನ ನೋವು ಕಡಿಮೆಯಾಗುತ್ತದೆ ಎಂಬುದು ಕ್ರೆಡಿಟ್ ಕಾರ್ಡ್ ಬಳಸುವವರಿಗೆ ತಿಳಿದಿರುವುದೇ ಆದರೂ, ಕ್ಲಬ್ಬಿನಲ್ಲಿ ಅದರ ಜೊತೆಗೆ ಎದುರು ಕುಳಿತವರ ಮರ್ಯಾದೆಯೂ ಸೇರಿಕೊಳ್ಳುತ್ತದೆ.

ಹಂಗಾಮಿನ ಸ್ವರೂಪವನ್ನು ತುಸು ವಿವರಿಸಬೇಕು. ದಕ್ಷಿಣ ಕರ್ನಾಟಕದಲ್ಲಿ ವರ್ಷವಿಡೀ ಆಡಬಹುದಾದರೂ, ಮಳೆ ಹಿಂದೆಗೆದು ಹುಲ್ಲು ಗಟ್ಟಿಯಾಗುವ ದಸರೆಯ ಹೊತ್ತಿನಿಂದ ಬೇಸಿಗೆ ಬಲಿಯುವವರೆಗಿನ ತಿಂಗಳುಗಳಲ್ಲಿ ಸ್ಪರ್ಧೆಗಳು ಒತ್ತಾಗಿ ಬರುತ್ತವೆ. ತಿಂಗಳಿಗೊಂದು ಪದಕದ ಆಟ, ನಾಯಕನ ಹೆಸರಿನ ಕಪ್ಪು, ಬೇರೆ ಊರಿನ ಕ್ಲಬ್ಬುಗಳೊಂದಿಗೆ ಪಂದ್ಯ, ಕೊನೆಗೆ ಬಹುಮಾನ ವಿತರಣೆಯ ರಾತ್ರಿಯೂಟ. ಈ ಸ್ಪರ್ಧೆಗಳ ಜೀವಾಳವಾದ ಹ್ಯಾಂಡಿಕ್ಯಾಪ್ ಎಂದರೆ ಆಟಗಾರನ ಸಾಮರ್ಥ್ಯಕ್ಕೆ ತಕ್ಕಂತೆ ಕೊಡುವ ಹೊಡೆತಗಳ ರಿಯಾಯಿತಿ: 72 ಹೊಡೆತಗಳಲ್ಲಿ ಮುಗಿಸಬೇಕೆಂದು ನಿಗದಿಯಾದ ಮೈದಾನದಲ್ಲಿ 18ರ ರಿಯಾಯಿತಿ ಉಳ್ಳವನು 90 ಹೊಡೆದರೆ, ಅವನ ನಿವ್ವಳ ಲೆಕ್ಕ 72 ಎಂದೇ ಆಗುತ್ತದೆ. 2020ರಿಂದ ಜಾರಿಗೆ ಬಂದ ವಿಶ್ವ ಹ್ಯಾಂಡಿಕ್ಯಾಪ್ ಪದ್ಧತಿಯು ಆಟಗಾರನ ಇತ್ತೀಚಿನ 20 ಸುತ್ತುಗಳಲ್ಲಿ ಅತ್ಯುತ್ತಮ ಎಂಟನ್ನು ಆಯ್ದು ಈ ಅಂಕಿಯನ್ನು ಕಟ್ಟುತ್ತದೆ. ಗರಿಷ್ಠ ಮಿತಿ 54. ಹೊಸಬನೂ ಹಳಬನೂ ಒಂದೇ ಪಂದ್ಯದಲ್ಲಿ ಸೆಣಸಲು ಇದರಿಂದ ಸಾಧ್ಯವಾಗುತ್ತದೆ.

ಮೈದಾನದಲ್ಲಿ ಸಾಮರ್ಥ್ಯವನ್ನು ಸಮ ಮಾಡುವ ಇಂಥ ಚೊಕ್ಕ ಪದ್ಧತಿ ಇದ್ದರೂ, ಮೇಜಿನ ಬಳಿ ಆದಾಯವನ್ನು ಸಮ ಮಾಡುವ ಯಾವ ಪದ್ಧತಿಯೂ ಇಲ್ಲ. ನಾಲ್ವರು ಜೊತೆಗೂಡಿ ಆಡಿದ ಮೇಲೆ ಉಪಾಹಾರದ ಸರದಿ ನಾಲ್ವರಿಗೂ ಬರುತ್ತದೆ. ಸೋತವನು ಕೊಡಿಸಬೇಕೆಂಬ ಸ್ನೇಹದ ಪಂತ, ಪಕ್ಕದ ಊರಿನ ಪಂದ್ಯಕ್ಕೆ ಹೋದಾಗಿನ ಲಾಡ್ಜು, ತಂಡದ ಟೀಶರ್ಟು, ಕ್ಲಬ್ಬಿನ ನಿವೃತ್ತ ನೌಕರನಿಗೆ ಎತ್ತುವ ವಂತಿಗೆ, ಇವೆಲ್ಲ ಕಂಪನಿಯ ನಿರ್ದೇಶಕನಿಗೂ ಜಮೀನಿನ ಆದಾಯದವನಿಗೂ ಒಂದೇ ಮೊತ್ತ. ಅಂಕಣಕಾರನ ಜಮಾಖರ್ಚು ಪುಸ್ತಕದಲ್ಲಿ ಹಂಗಾಮು ಮುಗಿಯುವ ವೇಳೆಗೆ ‘ಆಟ’ ಎಂಬ ಶೀರ್ಷಿಕೆಗಿಂತ ‘ಆಟದ ಸುತ್ತ’ ಎಂಬ ಶೀರ್ಷಿಕೆಯೇ ದಪ್ಪವಾಗಿತ್ತು. ಒಂದೇ ಹೊಡೆತದಲ್ಲಿ ಚೆಂಡನ್ನು ಗುಳಿಗೆ ಇಳಿಸಿದ ಅದೃಷ್ಟಶಾಲಿಯು ಕ್ಲಬ್ಬಿನಲ್ಲಿದ್ದವರಿಗೆಲ್ಲ ಪಾನೀಯ ಕೊಡಿಸಬೇಕೆಂಬ ಸಂಪ್ರದಾಯ ಎಷ್ಟು ದುಬಾರಿಯೆಂದರೆ, ಆ ಸಂಭ್ರಮದ ಖರ್ಚನ್ನು ತುಂಬಿಕೊಡುವ ಗಾಲ್ಫ್ ವಿಮೆಯನ್ನು ಭಾರತದ ಸಾಮಾನ್ಯ ವಿಮಾ ಕಂಪನಿಗಳೂ ಮಾರುತ್ತವೆ. ಭಾಗ್ಯ ಬಂದರೆ ನಷ್ಟವಾಗುತ್ತದೆಂದು ವಿಮೆ ಮಾಡಿಸುವ ಆಟ ಬಹುಶಃ ಇದೊಂದೇ.

ಪ್ರವೇಶಧನದ ವಿಚಾರದಲ್ಲಿ ಓದುಗರ ನಡುವೆ ಬೇರೂರಿರುವ ತಪ್ಪು ಗ್ರಹಿಕೆಯೆಂದರೆ, ಅದು ನಿವೇಶನದಂತೆ ಬೆಲೆ ಏರುವ ಆಸ್ತಿ ಎಂಬುದು. ಸದಸ್ಯರೇ ನಡೆಸುವ ಕ್ಲಬ್ಬುಗಳಲ್ಲಿ ಸದಸ್ಯತ್ವವನ್ನು ಮಾರಲು ಸಾಮಾನ್ಯವಾಗಿ ಬರುವುದಿಲ್ಲ. ಮಕ್ಕಳಿಗೆ ಏನಾದರೂ ಹಕ್ಕು ದಾಟುವುದಾದರೆ ಅದು ಕ್ಲಬ್ಬಿನ ನಿಯಮಾವಳಿಯಲ್ಲಿ ಬರೆದಷ್ಟೇ. ರೆಸಾರ್ಟು ಕಂಪನಿಗಳ ಸದಸ್ಯತ್ವದಲ್ಲಿ ಮರಳಿಸುವ ಠೇವಣಿ ಎಂದು ಕರೆದದ್ದೂ ಬಡ್ಡಿಯಿಲ್ಲದ ಠೇವಣಿಯೇ ಆಗಿರುವುದುಂಟು. ಲೆಕ್ಕಕ್ಕಾಗಿ ಪ್ರವೇಶಧನ 5 ಲಕ್ಷ ರೂಪಾಯಿ ಎಂದು ಇಟ್ಟುಕೊಂಡರೆ, ಅದರ ಮೇಲೆ ಶೇ 18ರ ಜಿಎಸ್‌ಟಿ 90,000 ಸೇರಿ 5.9 ಲಕ್ಷ ಆಗುತ್ತದೆ. ಆ ಹಣ ಶೇ 7ರ ಠೇವಣಿಯಲ್ಲಿ ಇದ್ದಿದ್ದರೆ ವರ್ಷಕ್ಕೆ 41,300 ರೂಪಾಯಿ ಬಡ್ಡಿ ಬರುತ್ತಿತ್ತು. ತಿಂಗಳಿಗೆ ಎರಡು ಬಾರಿ ಆಡುವವನಿಗೆ ಒಂದೊಂದು ಸುತ್ತಿಗೂ ಸುಮಾರು 1,720 ರೂಪಾಯಿ, ಚಿಟ್ಟಿಗೆ ಮೊದಲ ಸಹಿ ಬೀಳುವ ಮುನ್ನವೇ, ಕಣ್ಣಿಗೆ ಕಾಣದಂತೆ ಖರ್ಚಾಗಿರುತ್ತದೆ. ಕೈಬಿಟ್ಟುಹೋದ ಈ ಬಡ್ಡಿಯನ್ನು ಅರ್ಥಶಾಸ್ತ್ರದಲ್ಲಿ ಅವಕಾಶ ವೆಚ್ಚ ಎನ್ನುತ್ತಾರೆ.

ಅದೇ ಮೊತ್ತವನ್ನು ಭಾರತೀನಗರದ ಅಳತೆಯಲ್ಲಿ ನೋಡಬಹುದು. ಕೇಂದ್ರ ಸರ್ಕಾರವು 2025–26ರ ಸಕ್ಕರೆ ಹಂಗಾಮಿಗೆ ನಿಗದಿ ಮಾಡಿದ ನ್ಯಾಯಯುತ ಮತ್ತು ಲಾಭದಾಯಕ ಬೆಲೆ, ಅಂದರೆ ರೈತರ ಬಾಯಲ್ಲಿ ಎಫ್‌ಆರ್‌ಪಿ, ಶೇ 10.25ರ ಇಳುವರಿಗೆ ಟನ್ನಿಗೆ 3,550 ರೂಪಾಯಿ. ಇಳುವರಿ ಶೇ 9.5 ಅಥವಾ ಅದಕ್ಕೂ ಕಡಿಮೆಯಿದ್ದರೆ 3,290.50. ಇಳುವರಿ ಎಂದರೆ ಇಲ್ಲಿ ಎಕರೆಯ ಫಸಲಲ್ಲ, ಅರೆದ ಕಬ್ಬಿನಿಂದ ಸಿಗುವ ಸಕ್ಕರೆಯ ಪ್ರಮಾಣ. ಎರಡನೆಯ ದರದಲ್ಲಿ 41,300 ರೂಪಾಯಿ ಎಂದರೆ ಹನ್ನೆರಡೂವರೆ ಟನ್ ಕಬ್ಬು, ಅದೂ ಕಟಾವು ಮತ್ತು ಸಾಗಣೆಯ ಕೂಲಿ ಕಳೆಯುವ ಮೊದಲು. 1966ರ ಕಬ್ಬು ನಿಯಂತ್ರಣ ಆದೇಶದ ಪ್ರಕಾರ ಕಬ್ಬು ಪೂರೈಸಿದ 14 ದಿನಗಳೊಳಗೆ ಹಣ ಕೊಡಬೇಕು, ತಡವಾದರೆ ವರ್ಷಕ್ಕೆ ಶೇ 15ರ ಬಡ್ಡಿ ಸೇರಬೇಕು ಎಂದಿದ್ದರೂ, ಬಾಕಿಗಾಗಿ ರೈತರು ರಸ್ತೆಗಿಳಿಯುವುದು ಮಂಡ್ಯ ಜಿಲ್ಲೆಗೆ ಹೊಸತೇನಲ್ಲ. ಕ್ಲಬ್ಬಿನ ಬಿಲ್ಲಾದರೋ ತಿಂಗಳು ತಪ್ಪುವುದಿಲ್ಲ. ಗಡುವು ಮೀರಿದರೆ ದಂಡ, ಇನ್ನೂ ಮೀರಿದರೆ ಸೂಚನಾ ಫಲಕದ ಮೇಲೆ ಹೆಸರು.

ಅಪಾಯ ಇನ್ನೊಂದು ಕಡೆಯಿಂದಲೂ ಇದೆ. ಮಂಡ್ಯ ಭಾಗದ ಕಾರ್ಖಾನೆಗಳು ಸಾಮಾನ್ಯವಾಗಿ ಉತ್ತರ ಕರ್ನಾಟಕದವಕ್ಕಿಂತ ಮೊದಲೇ, ಮಳೆಗಾಲದ ನಡುವೆಯೇ ಅರೆಯಲು ಆರಂಭಿಸುವುದರಿಂದ, ಕಬ್ಬಿನ ಹಣ ಕೈಗೆ ಬರುವ ಕಾಲವೂ ಗಾಲ್ಫ್ ಸ್ಪರ್ಧೆಗಳು ಕಳೆಕಟ್ಟುವ ಕಾಲವೂ ಹೆಚ್ಚುಕಡಿಮೆ ಒಂದಕ್ಕೊಂದು ತಾಗುತ್ತವೆ. ಕೈ ತುಂಬಿರುವಾಗ ಸೇರುವ ಸದಸ್ಯತ್ವದ ಚಂದಾವನ್ನು ಶಾಲೆಯ ಶುಲ್ಕವೂ ಗೊಬ್ಬರದ ಖರ್ಚೂ ಒಟ್ಟಿಗೆ ಬರುವ ಜೂನ್ ತಿಂಗಳಿನಲ್ಲಿಯೂ ಕಟ್ಟಬೇಕಾಗುತ್ತದೆ.

ತೆರಿಗೆಯ ಬಗ್ಗೆ ಎರಡು ಮಾತು. ತಾನೇ ತನ್ನಿಂದ ಲಾಭ ಗಳಿಸಲು ಸಾಧ್ಯವಿಲ್ಲ, ಆದ್ದರಿಂದ ಸದಸ್ಯರ ವಂತಿಗೆಯಲ್ಲಿ ಉಳಿದ ಹಣ ಕ್ಲಬ್ಬಿನ ಆದಾಯವಲ್ಲ ಎಂಬ ಪರಸ್ಪರತೆಯ ತತ್ವವನ್ನು ನ್ಯಾಯಾಲಯಗಳು ಬಹುಕಾಲದಿಂದ ಒಪ್ಪಿವೆ. ಆದರೆ ಸದಸ್ಯ ಬ್ಯಾಂಕುಗಳಲ್ಲಿ ಇಟ್ಟ ನಿಶ್ಚಿತ ಠೇವಣಿಯ ಬಡ್ಡಿಗೆ ಆ ತತ್ವ ಅನ್ವಯಿಸದು ಎಂದು ಸುಪ್ರೀಂ ಕೋರ್ಟು 2013ರ ಜನವರಿಯಲ್ಲಿ ಬೆಂಗಳೂರು ಕ್ಲಬ್ ಪ್ರಕರಣದಲ್ಲೇ ತೀರ್ಪಿತ್ತಿತು. ಕ್ಲಬ್ಬುಗಳ ಸೇವೆಯ ಮೇಲಿನ ತೆರಿಗೆಯ ಪ್ರಶ್ನೆಯಲ್ಲಿ 2019ರ ಕಲ್ಕತ್ತಾ ಕ್ಲಬ್ ತೀರ್ಪು ಸದಸ್ಯರ ಪರವಾಗಿ ಬಂದಿತ್ತಾದರೂ, 2021ರ ಹಣಕಾಸು ಕಾಯ್ದೆಯು ಕ್ಲಬ್ ಬೇರೆ, ಸದಸ್ಯ ಬೇರೆ ಎಂದು 2017ರ ಜುಲೈ 1ರಿಂದಲೇ ಅನ್ವಯವಾಗುವಂತೆ ಜಿಎಸ್‌ಟಿ ಕಾನೂನನ್ನು ತಿದ್ದಿತು. ಆ ತಿದ್ದುಪಡಿಯೂ ಹೈಕೋರ್ಟಿನ ಮೆಟ್ಟಿಲೇರಿದೆ. ವ್ಯಾಪಾರದ ನಂಟಿಗಾಗಿ ಸೇರಿದೆನೆಂದು ಹೇಳಿಕೊಂಡರೂ ಕ್ಲಬ್ ಸದಸ್ಯತ್ವದ ಮೇಲೆ ಕಟ್ಟಿದ ಜಿಎಸ್‌ಟಿಯನ್ನು ಹೂಡುವಳಿ ತೆರಿಗೆಯಾಗಿ ಹಿಂಪಡೆಯಲು ಸಾಮಾನ್ಯವಾಗಿ ಕಾನೂನು ಬಿಡುವುದಿಲ್ಲ. ಕೃಷಿ ಆದಾಯಕ್ಕೆ ಆದಾಯ ತೆರಿಗೆ ಇಲ್ಲವೆಂಬ ಅನುಕೂಲ ಕ್ಲಬ್ಬಿನ ಬಿಲ್ಲಿನ ಮುಂದೆ ನಡೆಯದು.

ಹಾಗೆಂದು ಗಾಲ್ಫ್‌ನ ಹಣವೆಲ್ಲ ಶ್ರೀಮಂತರ ನಡುವೆಯೇ ಸುತ್ತುತ್ತದೆ ಎಂಬ ಮಾತನ್ನೂ ಒಪ್ಪಲಾಗದು. ಆಟಗಾರನ ಚೀಲ ಹೊತ್ತು, ಚೆಂಡು ಬಿದ್ದ ಜಾಗ ಹುಡುಕಿ, ಯಾವ ಕೋಲು ಹಿಡಿಯಬೇಕೆಂದು ಸಲಹೆ ಕೊಡುವ ಕ್ಯಾಡಿಗಳು ಬಹುಪಾಲು ಮೈದಾನದ ಆಸುಪಾಸಿನ ಹಳ್ಳಿಗಳವರು. 2009ರ ಇಂಡಿಯನ್ ಓಪನ್ ಗೆದ್ದ ಬೆಂಗಳೂರಿನ ಸಿ. ಮುನಿಯಪ್ಪ ಕ್ಯಾಡಿಯಾಗಿದ್ದವರು, ವೃತ್ತಿಪರ ಆಟಗಾರ ಎಸ್. ಚಿಕ್ಕರಂಗಪ್ಪ ಬಿಡದಿಯ ಮೈದಾನದ ಪಕ್ಕದ ಹಳ್ಳಿಯಿಂದ ಬಂದು ಅಲ್ಲಿಯೇ ಆಟ ಕಲಿತವರು. ಆದರೆ ಇಂಥ ಹೆಸರುಗಳು ಬೆರಳೆಣಿಕೆಯಷ್ಟು. ಉಳಿದ ಕ್ಯಾಡಿಗಳದ್ದು ಸರದಿಯ ಕೂಲಿ. ಮಳೆ ಬಂದು ಮೈದಾನ ಮುಚ್ಚಿದರೆ ಆ ದಿನದ ಸಂಪಾದನೆ ಇಲ್ಲ. ಅಂಕಣಕಾರನು ನೋಡಿದ ಹಂಗಾಮಿನಲ್ಲಿ ಕ್ಯಾಡಿಯ ಕೂಲಿ ಚಿಟ್ಟಿನಲ್ಲಿ ಹೋಗುತ್ತಿತ್ತು, ಮೇಲಿನ ಬಕ್ಷೀಸು ಮಾತ್ರ ಕಾರಿನ ಡಿಕ್ಕಿಗೆ ಚೀಲ ಏರಿಸುವಾಗ ನಗದಿನಲ್ಲಿ ಕೈ ದಾಟುತ್ತಿತ್ತು. ಮೇಜಿನ ಮೇಲೆ ಸಹಿಯನ್ನು ಧಾರಾಳವಾಗಿ ಹಾಕಿದವರೂ ಅಲ್ಲಿ ಚಿಲ್ಲರೆಗಾಗಿ ಜೇಬು ತಡಕುತ್ತಿದ್ದರು. ಕುಟುಂಬದ ಆಯವ್ಯಯದಲ್ಲಿ ಈ ಬಾಬತ್ತಿಗೆ ಮೊದಲೇ ಹಣ ತೆಗೆದಿಡುವುದು ನ್ಯಾಯ.

ಮಕ್ಕಳಿಗೆ ಆಟ ಕಲಿಸುವ ಆಸೆಯಿಂದ ಸದಸ್ಯತ್ವ ಹುಡುಕುವವರು ಅದಿತಿ ಅಶೋಕ್ ಅವರ ಉದಾಹರಣೆ ಕೊಡುತ್ತಾರೆ. ಬೆಂಗಳೂರಿನ ಕರ್ನಾಟಕ ಗಾಲ್ಫ್ ಅಸೋಸಿಯೇಷನ್ ಮೈದಾನದಲ್ಲಿ ಆಡಿ ಬೆಳೆದ ಅವರು 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಒಂದೇ ಹೊಡೆತದ ಅಂತರದಿಂದ ಪದಕ ತಪ್ಪಿಸಿಕೊಂಡು ನಾಲ್ಕನೆಯವರಾದರು. ಅಂಥ ಕನಸಿಗೆ ಮೊದಲ ಹೆಜ್ಜೆಯಾಗಿ ಅಭ್ಯಾಸದ ಅಂಗಳದಲ್ಲಿ ಬುಟ್ಟಿ ಲೆಕ್ಕದಲ್ಲಿ ಚೆಂಡು ಹೊಡೆಯುವ ಶುಲ್ಕ ಮತ್ತು ತರಬೇತುದಾರರ ಸಂಭಾವನೆ ಸಾಕು, ಕೋಲುಗಳನ್ನು ಬಳಸಿದವನ್ನೇ ಕೊಳ್ಳಬಹುದು. ನಿಯಮದಂತೆ ಒಂದು ಚೀಲದಲ್ಲಿ ಗರಿಷ್ಠ 14 ಕೋಲುಗಳಿಗೆ ಅವಕಾಶವಿದ್ದರೂ ಕಲಿಯುವವರಿಗೆ ಅದರ ಅರ್ಧವೇ ಹೆಚ್ಚು. ಗೆದ್ದ ಹಣದಿಂದ ಖರ್ಚು ಹುಟ್ಟುತ್ತದೆಂಬ ಲೆಕ್ಕವೂ ನಿಲ್ಲದು, ಏಕೆಂದರೆ ಹವ್ಯಾಸಿ ಆಟಗಾರರು ಹ್ಯಾಂಡಿಕ್ಯಾಪ್ ಸ್ಪರ್ಧೆಗಳಲ್ಲಿ ನಗದು ಬಹುಮಾನ ಪಡೆಯುವಂತಿಲ್ಲ.

ಆದ್ದರಿಂದ ವರ್ಷಕ್ಕೊಮ್ಮೆ ದೊಡ್ಡ ಮೊತ್ತ ಕಾಣುವ ಭಾರತೀನಗರದ ಕುಟುಂಬಕ್ಕೆ ಈ ಅಂಕಣದ ಶಿಫಾರಸು ಇಷ್ಟು: ಮೊದಲ ಒಂದು ಹಂಗಾಮು ಅತಿಥಿಯಾಗಿ, ಹೋದ ದಿನಕ್ಕಷ್ಟೇ ಮೈದಾನ ಶುಲ್ಕ ಕೊಟ್ಟು ಆಡಿ, ಆಟದ್ದೂ ಆಟದ ಸುತ್ತಲಿನದ್ದೂ ಖರ್ಚನ್ನು ಬೇರೆಬೇರೆಯಾಗಿ ಬರೆದಿಡಬೇಕು, ಅದರ ನಂತರವೂ ಸೇರುವ ಮನಸ್ಸಿದ್ದರೆ, ಹನ್ನೆರಡು ತಿಂಗಳ ಚಂದಾವನ್ನು ಕಬ್ಬಿನ ಬಿಲ್ಲು ಬಂದ ವಾರವೇ ಪ್ರತ್ಯೇಕ ಆರ್‌ಡಿ ಅಥವಾ ಠೇವಣಿಯಲ್ಲಿ ಇಟ್ಟು, ಪ್ರವೇಶಧನವನ್ನು ಮರಳಿ ಬಾರದ ಖರ್ಚೆಂದೇ ಬರೆದುಕೊಳ್ಳಬೇಕು. ಸಾಲ ಮಾಡಿ ಸೇರುವುದಂತೂ ಸಲ್ಲ. ಅರ್ಜಿಗೆ ಸಹಿ ಹಾಕುವ ಮುನ್ನ ಕ್ಲಬ್ಬಿನ ನಿಯಮಾವಳಿ, ಕಳೆದ ವರ್ಷದ ಲೆಕ್ಕಪತ್ರ ಮತ್ತು ಪರಿಚಯದ ಸದಸ್ಯರೊಬ್ಬರ ಡಿಸೆಂಬರ್ ತಿಂಗಳ ಬಿಲ್ಲು ಕೇಳಿ ಪಡೆದು ಓದಿ. ಮೊದಲೆರಡು ಸಿಗದಿದ್ದರೂ ಮೂರನೆಯದನ್ನು ಮಾತ್ರ ನೋಡದೆ ಬಿಡಬೇಡಿ.