ಬಾಳಿನ ಹಗೇವು

ಮೈಸೂರು ಸೀಮೆಯ ಹಳ್ಳಿಗಳಲ್ಲಿ ಹಿಂದೆ ಅನುಕೂಲಸ್ಥ ರೈತರ ಮನೆಗಳಿಗೆ ಹಗೇವು ಇರುತ್ತಿತ್ತು. ಹಗೇವು ಎಂದರೆ ಧಾನ್ಯವನ್ನು ಕೂಡಿಡಲು ನೆಲದಲ್ಲಿ ತೋಡಿದ ಆಳವಾದ ಗುಂಡಿ. ಅದರ ಬಾಯಿ ಕಿರಿದು, ಒಡಲು ಹಿರಿದು. ಒಳಗೆ ಸುತ್ತಲೂ ಹುಲ್ಲನ್ನು ಹಾಸಿ, ಚೆನ್ನಾಗಿ ಒಣಗಿಸಿದ ರಾಗಿಯನ್ನು ತುಂಬಿ, ಬಾಯಿಗೆ ಕಲ್ಲಿನ ಚಪ್ಪಡಿಯನ್ನಿಟ್ಟು ಮಣ್ಣಿನಿಂದ ಮೆತ್ತುತ್ತಿದ್ದರು. ಗಾಳಿ ನೀರು ಹೊಗದಂತೆ ಮುಚ್ಚಿದ ರಾಗಿ ವರ್ಷಗಟ್ಟಲೆ ಕೆಡದೆ ಉಳಿಯುತ್ತಿತ್ತು. ಸುಗ್ಗಿಯಲ್ಲಿ ತುಂಬಿದ ಹಗೇವನ್ನು ಮಳೆ ಕೈಕೊಟ್ಟ ವರ್ಷದಲ್ಲಿ ತೆರೆಯುತ್ತಿದ್ದರು. 1876ರಿಂದ 1878ರವರೆಗೆ ಮೈಸೂರು ಸಂಸ್ಥಾನವನ್ನು ನಡುಗಿಸಿದ ಮಹಾಕ್ಷಾಮದಂತಹ ಕಾಲವನ್ನು ಕಂಡ ಜನರಿಗೆ ಹಗೇವಿನ ಬೆಲೆಯನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಮಳೆಯಿಲ್ಲದ ವರ್ಷ ಬರಬಹುದು, ಬಾರದೆಯೂ ಇರಬಹುದು. ಮುಪ್ಪು ಹಾಗಲ್ಲ. ಬಾಳಿ ಉಳಿದವರೆಲ್ಲರ ಬಾಗಿಲಿಗೂ ಅದು ಬಂದೇ ಬರುತ್ತದೆ. ಆಗ ತೋಳಿನ ಕಸುವು ಇಳಿಯುತ್ತದೆ, ದುಡಿಮೆ ನಿಲ್ಲುತ್ತದೆ. ಆದರೆ ಹಸಿವು ನಿಲ್ಲುವುದಿಲ್ಲ. ಔಷಧೋಪಚಾರದ ಖರ್ಚಂತೂ ಹೆಚ್ಚುತ್ತಲೇ ಹೋಗುತ್ತದೆ. ಬರಬಹುದೆಂಬ ಕ್ಷಾಮಕ್ಕೇ ಹಗೇವನ್ನು ತುಂಬಿಡುತ್ತಿದ್ದ ಜನ, ಬಂದೇ ಬರುವ ಮುಪ್ಪಿಗೆ ಏನನ್ನು ಕೂಡಿಡಬೇಕು? ಎಂದಿನಿಂದ ಕೂಡಿಡಬೇಕು? ದುಡಿಯುವ ಪ್ರತಿಯೊಬ್ಬರೂ ತಮ್ಮನ್ನು ತಾವು ಕೇಳಿಕೊಳ್ಳಬೇಕಾದ ಪ್ರಶ್ನೆಗಳಿವು.

ಮೈಸೂರು ಜಿಲ್ಲೆಯ ಪಶ್ಚಿಮ ಭಾಗದ ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ ಮತ್ತು ಹೆಗ್ಗಡದೇವನಕೋಟೆಗಳ ಬದುಕನ್ನು ನೋಡಿದರೆ ಈ ಪ್ರಶ್ನೆಗಳ ತೂಕ ತಿಳಿಯುತ್ತದೆ. ಕೃಷ್ಣರಾಜನಗರ ಕಾವೇರಿಯ ನಾಲೆಗಳ ನೀರಿನಿಂದ ಬತ್ತ ಬೆಳೆಯುವ ಸೀಮೆ. ಹೆಗ್ಗಡದೇವನಕೋಟೆ ಕಪಿಲೆಯ ಮಡಿಲಿನ ಕಾಡಂಚಿನ ನಾಡು. ಹುಣಸೂರು ಮತ್ತು ಪಿರಿಯಾಪಟ್ಟಣಗಳ ಕೆಂಪು ನೆಲ ಹೊಗೆಸೊಪ್ಪಿಗೆ ಹೆಸರಾದುದು. ಬೇಸಿಗೆಯಲ್ಲಿ ಸಸಿಮಡಿ, ಮುಂಗಾರು ಹತ್ತಿರವಾದಾಗ ನಾಟಿ, ಅನಂತರ ಎಲೆ ಮುರಿದು ಬ್ಯಾರನ್ನಿನಲ್ಲಿ ಹದ ಮಾಡುವ ಕೆಲಸ, ಆಮೇಲೆ ಹರಾಜು. 1975ರ ಕಾಯಿದೆಯಂತೆ ತಂಬಾಕು ಮಂಡಳಿ ಸ್ಥಾಪನೆಯಾಯಿತು. 1984ರಲ್ಲಿ ಕರ್ನಾಟಕದಲ್ಲಿ ಮಂಡಳಿಯ ಹರಾಜು ಪದ್ಧತಿ ಆರಂಭವಾಯಿತು. ವರ್ಷವಿಡೀ ಬೆವರು ಸುರಿಸಿದ ಬೆಳೆಗಾರನಿಗೆ ಹಣ ದೊರೆಯುವುದು ಆ ಹರಾಜಿನ ಕೆಲವು ತಿಂಗಳುಗಳಲ್ಲಿ ಮಾತ್ರ. ಬತ್ತದ ರೈತನ ಪಾಡೂ ಹೆಚ್ಚು ಬೇರೆಯಲ್ಲ.

ಇಲ್ಲಿ ಒಂದು ಮಾತನ್ನು ಗಮನಿಸಬೇಕು. ತಿಂಗಳ ಸಂಬಳದವನಿಗೆ ಹಣ ಕಾಲುವೆಯ ನೀರಿನಂತೆ ಅಳತೆಯಲ್ಲಿ ಬರುತ್ತದೆ. ರೈತನಿಗೆ ಅದು ಮಳೆಗಾಲದ ಹಳ್ಳದಂತೆ ಒಮ್ಮೆಗೇ ಬರುತ್ತದೆ. ಕಟ್ಟೆ ಹಾಕಿದವನ ಹೊಲ ಹಸಿರಾಗುತ್ತದೆ; ಹಾಕದವನ ಹಳ್ಳ ಬೇಸಿಗೆಗೆ ಬರಿದಾಗುತ್ತದೆ. ಒಂದೇ ಊರಿನ ಇಬ್ಬರು ಬೆಳೆಗಾರರನ್ನು ಊಹಿಸಿಕೊಳ್ಳಬಹುದು. ಇಬ್ಬರ ಹೊಲವೂ ಸಮ, ಹರಾಜಿನಲ್ಲಿ ಬಂದ ಹಣವೂ ಸಮ. ಒಬ್ಬನು ಸಾಲ ತೀರಿಸಿ, ಉಳಿದುದರಲ್ಲಿ ಹತ್ತರಲ್ಲೊಂದು ಪಾಲನ್ನು ಮೊದಲೇ ತೆಗೆದಿರಿಸಿ, ಮಿಕ್ಕುದರಲ್ಲಿ ಸಂಸಾರ ನಡೆಸುತ್ತಾನೆ. ಇನ್ನೊಬ್ಬನು ಖರ್ಚೆಲ್ಲ ಮುಗಿದ ಮೇಲೆ ಉಳಿದರೆ ಕೂಡಿಡೋಣವೆಂದುಕೊಳ್ಳುತ್ತಾನೆ. ಉಳಿಯುವುದೇ ಇಲ್ಲ. ಮೂವತ್ತು ವರ್ಷಗಳ ಮೇಲೆ ಮೊದಲನೆಯವನು ತನ್ನ ಜಗಲಿಯ ಮೇಲೆ ನೆಮ್ಮದಿಯಾಗಿ ಕುಳಿತಿರುವಾಗ, ಎರಡನೆಯವನು ಔಷಧಿಯ ಚೀಟಿಯನ್ನು ಹಿಡಿದು ಮಕ್ಕಳ ಮುಖವನ್ನು ನೋಡಬೇಕಾಗುತ್ತದೆ. ಇವರ ವ್ಯತ್ಯಾಸ ಗಳಿಕೆಯಲ್ಲಿಲ್ಲ; ತೆಗೆದಿರಿಸುವ ಕ್ರಮದಲ್ಲಿದೆ.

ಹಿಂದಿನವರು ಮುಪ್ಪಿನ ಚಿಂತೆ ಮಾಡುತ್ತಿರಲಿಲ್ಲವೆ ಎಂದು ಯಾರಾದರೂ ಕೇಳಬಹುದು. ಅವರಿಗೆ ಭೂಮಿಯೇ ಪಿಂಚಣಿ, ಅವಿಭಕ್ತ ಕುಟುಂಬವೇ ವಿಮೆಯಾಗಿತ್ತು. ಹುಣಸೂರು ತಾಲ್ಲೂಕಿನ ಕಲ್ಲಹಳ್ಳಿಯವರಾದ ದೇವರಾಜ ಅರಸು ಅವರು ಮುಖ್ಯಮಂತ್ರಿಗಳಾಗಿದ್ದಾಗ 1974ರಲ್ಲಿ ಜಾರಿಗೆ ಬಂದ ಭೂಸುಧಾರಣೆ ಅನೇಕ ಗೇಣಿದಾರರನ್ನು ಭೂಮಿಯ ಒಡೆಯರನ್ನಾಗಿ ಮಾಡಿತು. ಅಂದು ದೊರೆತ ನೆಲ ಎಷ್ಟೋ ವೃದ್ಧರ ಊರುಗೋಲಾಯಿತು. ಆದರೆ ತಂದೆಯ ನಾಲ್ಕು ಎಕರೆ ನಾಲ್ವರು ಮಕ್ಕಳಲ್ಲಿ ಹಂಚಿಹೋದಾಗ ತಲೆಗೆ ಒಂದೊಂದೇ ಎಕರೆ ಉಳಿಯುತ್ತದೆ. ಮಕ್ಕಳು ಓದಿಗಾಗಿ, ಕೆಲಸಕ್ಕಾಗಿ ಮೈಸೂರು ಬೆಂಗಳೂರುಗಳನ್ನು ಸೇರುತ್ತಾರೆ. ಅವರಿಗೆ ತಂದೆತಾಯಿಗಳಲ್ಲಿ ಪ್ರೀತಿಯಿಲ್ಲವೆಂದಲ್ಲ. ಬಾಡಿಗೆ, ಮಕ್ಕಳ ಶಾಲೆ, ಸಾಲದ ಕಂತುಗಳ ನಡುವೆ ಅವರ ಕೈಯೂ ಬಿಗಿಯಾಗಿರುತ್ತದೆ. ಆದುದರಿಂದ ಹಳೆಯ ಆಸರೆಯ ಜೊತೆಗೆ ಹೊಸ ಆಸರೆಯೂ ಬೇಕಾಗಿದೆ.

ಇಂತಹ ಆಸರೆಯ ಆಲೋಚನೆ ಕನ್ನಡ ನಾಡಿಗೆ ಹೊಸದೇನೂ ಅಲ್ಲ. ಮೈಸೂರು ಸಂಸ್ಥಾನದಲ್ಲಿ 1891ರಷ್ಟು ಹಿಂದೆಯೇ ಸರ್ಕಾರಿ ನೌಕರರಿಗಾಗಿ ಜೀವವಿಮಾ ಯೋಜನೆ ಆರಂಭವಾಯಿತು. ಇಂದಿನ ಕರ್ನಾಟಕ ಸರ್ಕಾರಿ ವಿಮಾ ಇಲಾಖೆಯ ಮೂಲ ಅದು. ಗದಗ ಸೀಮೆಯ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಪಾಟೀಲರು ಕಟ್ಟಿದ ಸಹಕಾರ ಸಂಘ ರೈತರಿಗೆ ಕೂಡಿ ಉಳಿಸುವ ದಾರಿಯನ್ನು ತೋರಿಸಿತು. ಸರ್ಕಾರಿ ನೌಕರರಿಗೆ ನಿವೃತ್ತಿಯ ಮೇಲೆ ಪಿಂಚಣಿ ಖಚಿತವೆಂಬ ಭಾವನೆ ಬಹುಕಾಲ ಇತ್ತು. ಆದರೆ 2006ರ ಏಪ್ರಿಲ್ 1ರಿಂದ ಕರ್ನಾಟಕ ಸರ್ಕಾರದ ಸೇವೆಗೆ ಸೇರಿದವರಿಗೆ ಹೊಸ ಪಿಂಚಣಿ ಪದ್ಧತಿ ಅನ್ವಯವಾಯಿತು. ಅದರಲ್ಲಿ ನೌಕರನ ವೇತನದ ಒಂದು ಪಾಲೂ ಸರ್ಕಾರದ ಪಾಲೂ ಸೇರಿ ನಿಧಿಯಾಗಿ ಬೆಳೆಯುತ್ತವೆ. ಪಿಂಚಣಿಯ ಪ್ರಮಾಣ ಆ ನಿಧಿಯನ್ನು ಅವಲಂಬಿಸುತ್ತದೆ. ಎಂದಮೇಲೆ ಸಂಬಳದವರೂ ಸಹ ಚಿಂತಿಸದೆ ಇರುವ ಕಾಲ ಇದಲ್ಲ.

ಹಾಗಾದರೆ ಎಂದಿನಿಂದ ಕೂಡಿಡಬೇಕು? ಇದಕ್ಕೆ ಲೆಕ್ಕವೇ ಉತ್ತರ ಹೇಳುತ್ತದೆ. ಪಿಂಚಣಿಯಿಲ್ಲದ ದುಡಿಮೆಗಾರರನ್ನು ಮುಖ್ಯವಾಗಿ ಗಮನದಲ್ಲಿಟ್ಟುಕೊಂಡು 2015ರಲ್ಲಿ ಕೇಂದ್ರ ಸರ್ಕಾರ ಅಟಲ್ ಪಿಂಚಣಿ ಯೋಜನೆಯನ್ನು ಆರಂಭಿಸಿತು. 18ರಿಂದ 40 ವರ್ಷದೊಳಗಿನವರು ಇದಕ್ಕೆ ಸೇರಬಹುದು; 2022ರ ಅಕ್ಟೋಬರ್‌ನಿಂದ ಆದಾಯ ತೆರಿಗೆ ಕೊಡುವವರು ಹೊಸದಾಗಿ ಸೇರುವಂತಿಲ್ಲ. ಅರುವತ್ತು ತುಂಬಿದ ಮೇಲೆ ತಿಂಗಳಿಗೆ 5,000 ರೂಪಾಯಿ ಪಿಂಚಣಿ ಬೇಕೆಂದು 18ನೆಯ ವಯಸ್ಸಿನಲ್ಲಿ ಸೇರಿದವನು ಕಟ್ಟಬೇಕಾದುದು ತಿಂಗಳಿಗೆ 210 ರೂಪಾಯಿ. ಅದೇ ಪಿಂಚಣಿಗಾಗಿ 40ನೆಯ ವಯಸ್ಸಿನಲ್ಲಿ ಸೇರಿದವನು ಕಟ್ಟಬೇಕಾದುದು ತಿಂಗಳಿಗೆ 1,454 ರೂಪಾಯಿ. ಮೊದಲನೆಯವನು 42 ವರ್ಷಗಳಲ್ಲಿ ಕಟ್ಟುವ ಒಟ್ಟು ಹಣ 1,05,840 ರೂಪಾಯಿ. ಎರಡನೆಯವನು 20 ವರ್ಷಗಳಲ್ಲಿ ಕಟ್ಟುವುದು 3,48,960 ರೂಪಾಯಿ. ತಡಮಾಡಿದವನು ಮೂರು ಪಟ್ಟಿಗಿಂತ ಹೆಚ್ಚು ತೆತ್ತು ಅದೇ ಫಲವನ್ನು ಪಡೆಯುತ್ತಾನೆ. ಮೊದಲನೆಯವನ ಪರವಾಗಿ ದುಡಿದದ್ದು ಕಾಲ. ಬಡ್ಡಿಗೆ ಬಡ್ಡಿ ಸೇರಿ ಬೆಳೆಯಲು ಕಾಲಾವಕಾಶ ಬೇಕು. ಈ ಯೋಜನೆಗೆ ಮೂರು ತಿಂಗಳಿಗೊಮ್ಮೆ ಅಥವಾ ಆರು ತಿಂಗಳಿಗೊಮ್ಮೆಯೂ ಹಣ ಕಟ್ಟಬಹುದಾದುದರಿಂದ ಹರಾಜಿನ ಹಣವನ್ನು ನಂಬಿದ ಬೆಳೆಗಾರನಿಗೂ ಇದು ಒಗ್ಗುತ್ತದೆ.

ಆದರೆ ಹಗೇವನ್ನು ಒಮ್ಮೆ ತುಂಬಿ ಮರೆತುಬಿಡುವಂತಿಲ್ಲ. ಬಿರುಕಿನಿಂದ ನೀರು ಒಸರಿದರೆ ರಾಗಿ ಮುಗ್ಗುತ್ತದೆ. ಹಣದ ಹಗೇವಿಗೆ ಒಸರುವ ನೀರು ಬೆಲೆಯೇರಿಕೆ. ಇದನ್ನು ಅಳೆಯಲು ಒಂದು ಸುಲಭ ಸೂತ್ರವಿದೆ. 72ನ್ನು ಬೆಲೆಯೇರಿಕೆಯ ಶೇಕಡಾ ದರದಿಂದ ಭಾಗಿಸಿದರೆ ಬೆಲೆಗಳು ಇಮ್ಮಡಿಯಾಗಲು ಹಿಡಿಯುವ ವರ್ಷಗಳು ಸರಿಸುಮಾರಾಗಿ ದೊರೆಯುತ್ತವೆ. ಬೆಲೆಗಳು ವರ್ಷಕ್ಕೆ ಶೇಕಡಾ 6ರಂತೆ ಏರಿದರೆ ಹನ್ನೆರಡು ವರ್ಷಗಳಲ್ಲಿ ಇಮ್ಮಡಿಯಾಗುತ್ತವೆ. ಇಂದು ತಿಂಗಳಿಗೆ 10,000 ರೂಪಾಯಿಯಲ್ಲಿ ನಡೆಯುವ ಸಂಸಾರಕ್ಕೆ ಇಪ್ಪತ್ತನಾಲ್ಕು ವರ್ಷಗಳ ಮೇಲೆ 40,000 ರೂಪಾಯಿ ಬೇಕಾಗುತ್ತದೆ. ಮೂವತ್ತಾರು ವರ್ಷಗಳ ಮೇಲೆ ಬರುವ 5,000 ರೂಪಾಯಿ ಕೊಳ್ಳಬಲ್ಲುದು ಇಂದಿನ 625 ರೂಪಾಯಿಯ ಪದಾರ್ಥವನ್ನಷ್ಟೇ. ಕೂತು ಉಂಡರೆ ಕುಡಿಕೆ ಹೊನ್ನು ಸಾಲದು ಎಂಬ ಗಾದೆಯ ಹಿಂದೆ ಈ ಅನುಭವವೂ ಇದೆ. ಆದುದರಿಂದ ಗಳಿಕೆ ಹೆಚ್ಚಿದಂತೆಲ್ಲ ತೆಗೆದಿರಿಸುವ ಪಾಲೂ ಹೆಚ್ಚಬೇಕು. ಒಂದೇ ಹಗೇವನ್ನು ನಂಬಿ ಕೂರಬಾರದು.

ಎರಡನೆಯ, ಮೂರನೆಯ ಹಗೇವುಗಳು ಹಳ್ಳಿಯಲ್ಲಿಯೇ ಇವೆ. ಊರಿನ ಹಾಲು ಉತ್ಪಾದಕರ ಸಹಕಾರ ಸಂಘಕ್ಕೆ ಹಾಲು ಹಾಕುವ ಮನೆಗೆ ಹರಾಜಿನ ದಾರಿ ಕಾಯದೆ ಬಟವಾಡೆ ಬರುತ್ತಿರುತ್ತದೆ. ಅಂಚೆ ಕಚೇರಿಯ ಉಳಿತಾಯ ಬ್ಯಾಂಕು 1882ರಿಂದಲೂ ಸಣ್ಣ ಉಳಿತಾಯಗಾರರಿಗೆ ನೆರವಾಗಿದೆ. ಸ್ತ್ರೀಯರ ಸ್ವಸಹಾಯ ಸಂಘಗಳಿಗೆ ಬ್ಯಾಂಕುಗಳ ಸಂಪರ್ಕ ಕಲ್ಪಿಸುವ ಕಾರ್ಯವನ್ನು ನಬಾರ್ಡ್ 1992ರಲ್ಲಿ ಕೈಗೊಂಡಿತು. ಕೂಲಿಯ ಹಣದಲ್ಲಿ ವಾರವಾರವೂ ಹತ್ತಿಪ್ಪತ್ತು ರೂಪಾಯಿ ಉಳಿಸಿದ ತಾಯಂದಿರಿಗೆ ಅದರಿಂದ ಬ್ಯಾಂಕಿನ ಬಾಗಿಲು ತೆರೆಯಿತು. ಬದುವಿನ ಮೇಲೆ ನೆಟ್ಟ ತೆಂಗು ಆರೇಳು ವರ್ಷಗಳಲ್ಲಿ ಫಲಕ್ಕೆ ಬಂದು ಐವತ್ತು ವರ್ಷಗಳಿಗೂ ಮೀರಿ ಕಾಯಿ ಕೊಡುತ್ತದೆ. ಹೆತ್ತ ಮಕ್ಕಳು ಕೈಬಿಟ್ಟರೂ ನೆಟ್ಟ ತೆಂಗು ಕೈಬಿಡದು ಎಂದು ಹಿರಿಯರು ಹೇಳುವುದು ಇದಕ್ಕಾಗಿಯೇ. ಹೊಗೆಸೊಪ್ಪಿನ ಬೆಳೆಗಾರರು ಇನ್ನೊಂದು ಸಂಗತಿಯನ್ನೂ ನೆನೆಯಬೇಕು. ತಂಬಾಕಿನ ಬಳಕೆಯನ್ನು ತಗ್ಗಿಸುವ ಉದ್ದೇಶದ ಅಂತರರಾಷ್ಟ್ರೀಯ ಒಪ್ಪಂದ 2005ರಲ್ಲಿ ಜಾರಿಗೆ ಬಂದಿತು. ಭಾರತವೂ ಅದಕ್ಕೆ ಸೇರಿದೆ. ಆರೋಗ್ಯಕ್ಕೆ ಕೇಡೆಂದು ಜಗತ್ತು ತೀರ್ಮಾನಿಸಿದ ಬೆಳೆಯೊಂದನ್ನೇ ನಂಬಿ ಮುಪ್ಪಿನ ಯೋಜನೆ ಮಾಡುವುದು ಜಾಣತನವಲ್ಲ.

ಕೂಡಿಡುವುದು ಎಷ್ಟು ಕಷ್ಟವೋ ಕಾಪಾಡಿಕೊಳ್ಳುವುದೂ ಅಷ್ಟೇ ಕಷ್ಟ. ನಿವೃತ್ತಿಯ ಗಂಟು ಕೈಸೇರಿದ ದಿನವೇ ಅದರ ಮೇಲೆ ಹಲವರ ಕಣ್ಣು ಬೀಳುತ್ತದೆ. ಮದುವೆಯ ಆಡಂಬರಕ್ಕೆ, ನಂಟರ ಸಾಲದ ಜಾಮೀನಿಗೆ, ಅಳತೆ ಮೀರಿದ ಬಡ್ಡಿಯ ಆಸೆಗೆ ಒಂದೇ ವರ್ಷದಲ್ಲಿ ಆ ಗಂಟು ಕರಗಿದ ನಿದರ್ಶನಗಳು ಕಡಮೆಯಲ್ಲ. ವಿಮೆಗೊಳಪಟ್ಟ ಬ್ಯಾಂಕು ಮುಳುಗಿದರೂ ಒಬ್ಬ ಠೇವಣಿದಾರನಿಗೆ 5 ಲಕ್ಷ ರೂಪಾಯಿಯವರೆಗೆ ಠೇವಣಿ ವಿಮೆಯ ರಕ್ಷಣೆ 2020ರಿಂದ ದೊರೆತಿದೆ. ಆದರೆ ಎರಡು ವರ್ಷಕ್ಕೆ ಹಣ ಇಮ್ಮಡಿ ಮಾಡಿಕೊಡುವೆನೆಂದು ಮನೆಬಾಗಿಲಿಗೆ ಬರುವವನ ಮಾತಿಗೆ ಯಾವ ವಿಮೆಯೂ ಇಲ್ಲ. ಆರೋಗ್ಯದ ವಿಮೆಯೂ ಮುಖ್ಯ. ಒಂದು ದೊಡ್ಡ ಕಾಯಿಲೆ ಇಪ್ಪತ್ತು ವರ್ಷಗಳ ಉಳಿತಾಯವನ್ನು ಇಪ್ಪತ್ತು ದಿನಗಳಲ್ಲಿ ಬರಿದುಮಾಡಬಲ್ಲುದು. ಕೂಡಿಟ್ಟ ಹಣಕ್ಕೆಲ್ಲ ನಾಮನಿರ್ದೇಶನ ಮಾಡಿಸಿ, ಕಾಗದಪತ್ರಗಳು ಎಲ್ಲಿವೆಯೆಂಬುದನ್ನು ಗಂಡಹೆಂಡಿರಿಬ್ಬರೂ ತಿಳಿದಿರಬೇಕು.

ಭೂಮಿಯ ವಿಷಯದಲ್ಲಿಯೂ ಎಚ್ಚರ ಅಗತ್ಯ. ಮಮತೆಯಿಂದ ಇದ್ದುದೆಲ್ಲವನ್ನೂ ಮಕ್ಕಳ ಹೆಸರಿಗೆ ಬರೆದುಕೊಟ್ಟು, ಅನಂತರ ಒಂದು ತುತ್ತಿಗೆ ಹಂಗಿಗರಾಗಿ ಕುಳಿತ ವೃದ್ಧರಿದ್ದಾರೆ. ಅಂತಹವರ ರಕ್ಷಣೆಗಾಗಿ 2007ರಲ್ಲಿ ತಂದೆತಾಯಿಗಳ ಮತ್ತು ಹಿರಿಯ ನಾಗರಿಕರ ಪೋಷಣೆಯ ಕಾಯಿದೆ ಬಂದಿತು. ನಮ್ಮನ್ನು ನೋಡಿಕೊಳ್ಳಬೇಕೆಂಬ ಷರತ್ತಿನ ಮೇಲೆ ಆಸ್ತಿಯನ್ನು ಕೊಟ್ಟಿದ್ದು, ಪಡೆದವರು ಆ ಮಾತನ್ನು ಮುರಿದರೆ, ಆ ವರ್ಗಾವಣೆಯನ್ನು ಅನೂರ್ಜಿತಗೊಳಿಸಲು ಈ ಕಾಯಿದೆಯಲ್ಲಿ ಅವಕಾಶವಿದೆ. ಈ ಸೀಮೆಯ ಹಿರಿಯರು ಇಂತಹ ಅರ್ಜಿಯನ್ನು ಹುಣಸೂರು ಉಪವಿಭಾಗಾಧಿಕಾರಿಗಳ ಮುಂದೆ ಸಲ್ಲಿಸಬಹುದು. ಆದರೆ ಹೆತ್ತ ಮಗನ ಮೇಲೆ ಅರ್ಜಿ ಹಿಡಿದು ಕಚೇರಿಯ ಮೆಟ್ಟಿಲನ್ನು ಹತ್ತುವ ತಾಯಿಗೆ ತೀರ್ಪು ಅನುಕೂಲವಾಗಿ ಬಂದರೂ, ಆ ಮೆಟ್ಟಿಲನ್ನು ಹತ್ತಿದ ದುಃಖ ತೀರುವುದಿಲ್ಲ. ಬದುಕಿರುವವರೆಗೆ ಒಂದು ಪಾಲನ್ನು ತಮ್ಮ ಹೆಸರಿನಲ್ಲಿಯೇ ಉಳಿಸಿಕೊಳ್ಳುವುದು ಮಕ್ಕಳ ಮೇಲಿನ ಅಪನಂಬಿಕೆಯಲ್ಲ. ಮಕ್ಕಳಿಗೂ ತಮಗೂ ನಡುವಣ ಪ್ರೀತಿಯನ್ನು ಹಣದ ಜಗ್ಗಾಟದಿಂದ ಕಾಪಾಡುವ ವಿವೇಕ.

ಕೈಯಲ್ಲಿ ತನ್ನದೆಂಬ ನಾಲ್ಕು ಕಾಸು ಇರುವ ಅಜ್ಜಿ ಮೊಮ್ಮಗುವಿಗೆ ಜಾತ್ರೆಯಲ್ಲಿ ಬೆಂಡು ಬತ್ತಾಸು ಕೊಡಿಸಬಲ್ಲಳು. ಕಾಯಿಲೆಯಾದಾಗ ಯಾರನ್ನೂ ಬೇಡದೆ ಆಸ್ಪತ್ರೆಗೆ ಹೋಗಬಲ್ಲಳು. ಮನೆಯ ಮಾತುಕತೆಯಲ್ಲಿ ಅವಳ ಮಾತಿಗೂ ಬೆಲೆಯಿರುತ್ತದೆ. ಮುಪ್ಪಿನ ಉಳಿತಾಯದಿಂದ ದೊರೆಯುವುದು ಅನ್ನ ಔಷಧಿಗಳಷ್ಟೇ ಅಲ್ಲ, ತಲೆಯೆತ್ತಿ ಬಾಳುವ ಗೌರವವೂ ಹೌದು.

ಒಂಬತ್ತನೆಯ ತರಗತಿಯ ವಿದ್ಯಾರ್ಥಿಗೆ ಅರುವತ್ತರ ವಯಸ್ಸು ಬಹು ದೂರದಲ್ಲಿದೆ. ಆದರೆ ತಿಂಗಳಿಗೆ 210 ರೂಪಾಯಿ ಕಟ್ಟಿದರೆ ಸಾಕಾಗುವ ಹದಿನೆಂಟರ ವಯಸ್ಸು ಕೆಲವೇ ವರ್ಷಗಳ ಆಚೆಗಿದೆ. ಅಲ್ಲಿಯವರೆಗೆ ಮನೆಯ ಹಿರಿಯರ ಜೊತೆ ಕುಳಿತು, ಈ ವರ್ಷದ ಗಳಿಕೆಯಲ್ಲಿ ಮೊದಲು ತೆಗೆದಿರಿಸಿದ್ದು ಎಷ್ಟು ಎಂದು ವಿನಯದಿಂದ ಕೇಳುವ ಅಭ್ಯಾಸವನ್ನು ಮಾಡಿಕೊಳ್ಳಬಹುದು. ಹಳ್ಳಿಗಳಲ್ಲಿ ಹಳೆಯ ಹಗೇವುಗಳು ಬಹುಮಟ್ಟಿಗೆ ಮುಚ್ಚಿಹೋಗಿವೆ. ಅವನ್ನು ತೋಡಿದವರ ಮುಂದಾಲೋಚನೆ ಮಾತ್ರ ಮುಚ್ಚಿಹೋಗಬಾರದು. ಸುಗ್ಗಿಯ ದಿನ ತುಂಬಿದ ಹಗೇವಿಗೆ ಮಾತ್ರ ಬರಗಾಲದಲ್ಲಿ ತೆರೆಯುವ ಭಾಗ್ಯವಿರುತ್ತದೆ.