ಸುವಾರ್ತಾ ಪ್ರವಾಸಕ್ಕೆ ಹಣ: ಕೊಟ್ಟವರ ಪಾಸ್‌ಪೋರ್ಟ್ ಯಾವುದು, ಬಂದದ್ದು ಯಾರ ಖಾತೆಗೆ?

ಜನವಾಡ, ಭಾಲ್ಕಿ, ಔರಾದ್ ಕಡೆಯ ಸಭೆಗಳಲ್ಲಿ ಸುವಾರ್ತಾ ಪ್ರವಾಸದ ಮಾತು ಎದ್ದಾಗ ಮೊದಲು ಲೆಕ್ಕಕ್ಕೆ ಬರುವುದು ಗಾಡಿ ಬಾಡಿಗೆ, ಊಟ, ಕರಪತ್ರದ ಖರ್ಚು. ಹಣ ಯಾರ ಖಾತೆಗೆ ಬರಬೇಕು ಎಂಬ ಪ್ರಶ್ನೆ ಕೊನೆಗೆ ಉಳಿಯುತ್ತದೆ. ಆಗ ಯಾರೋ ಒಬ್ಬರು, 'ಪಾಸ್ಟರ್ ನಂಬರಿಗೆ ಫೋನ್‌ಪೇ ಮಾಡಿಬಿಡ್ರಿ' ಅನ್ನುತ್ತಾರೆ, ಅಲ್ಲಿಗೆ ಚರ್ಚೆ ಮುಗಿಯುತ್ತದೆ. ನನ್ನ ವಾದ ಇಷ್ಟೇ: ಈ ವಿಷಯದಲ್ಲಿ ಸಿಕ್ಕಿಬೀಳುವವರಲ್ಲಿ ಹೆಚ್ಚಿನವರು ಮೋಸಗಾರರಲ್ಲ, ಕಚೇರಿಗೆ ಹೆದರಿ ಸುಲಭದ ದಾರಿ ಹಿಡಿದವರು. ಅವರನ್ನು ಕೆಡವುವುದು ಮೊತ್ತದ ಗಾತ್ರವಲ್ಲ. ಕೊಟ್ಟವರು ಯಾವ ದೇಶದ ಪ್ರಜೆ, ಹಣ ಬಂದದ್ದು ಯಾರ ಹೆಸರಿನ ಖಾತೆಗೆ ಎಂಬ ಎರಡು ಸಂಗತಿಗಳೇ ಎಲ್ಲವನ್ನೂ ತೀರ್ಮಾನಿಸುತ್ತವೆ.

ಊರಿನ ಹಣದ ಮಾತು ಸರಳ. ಸಭೆಯವರು ತಮ್ಮ ದುಡಿಮೆಯಿಂದ ಕೊಡುವ ಕಾಣಿಕೆಗೆ ದಿಲ್ಲಿಯ ಅನುಮತಿ ಬೇಡ. ಕಮಿಟಿಯ ನಡಾವಳಿ ಪುಸ್ತಕದಲ್ಲಿ ಪ್ರವಾಸದ ಠರಾವು ಬರೆಯಿರಿ, ಸಭೆಯ ಹೆಸರಿನ ಖಾತೆಗೇ ಹಣ ಹಾಕಿಸಿ, ನಂಬರ್ ಇರುವ ರಸೀದಿ ಕೊಡಿ, ಇಬ್ಬರ ಸಹಿ ಇಲ್ಲದೆ ತೆಗೆಯಬೇಡಿ. ಇಲ್ಲೂ ಎಚ್ಚರಿಕೆಗಳಿವೆ. ಸಭೆಯ ಬದಲು ಒಬ್ಬ ವ್ಯಕ್ತಿಯ ಖಾತೆಗೆ ಸಂಬಂಧಿಕರಲ್ಲದವರಿಂದ ವರ್ಷಕ್ಕೆ ₹50,000 ದಾಟಿ ಹಣ ಬಂದರೆ, ದಾಟಿದ ಭಾಗವಷ್ಟೇ ಅಲ್ಲ, ಪೂರ್ತಿ ಮೊತ್ತವೂ ಆದಾಯ ತೆರಿಗೆಯ ಕಣ್ಣಿಗೆ ಅವನ ಆದಾಯ. ಒಟ್ಟು ಆದಾಯ ಮಿತಿಯೊಳಗಿದ್ದರೆ ತೆರಿಗೆ ಬರಲಿಕ್ಕಿಲ್ಲ, ಆದರೆ ನೋಟಿಸು ಬಂದರೆ ವಿವರಣೆ ಕೊಡಬೇಕಾದವನು ಅವನೇ. ಒಂದೇ ದಿನ ಒಬ್ಬರಿಂದ ₹2 ಲಕ್ಷ ಅಥವಾ ಹೆಚ್ಚು ನಗದು ಪಡೆದರೆ ಅಷ್ಟೇ ಮೊತ್ತದ ದಂಡ ಬೀಳಬಹುದು. '80ಜಿ ರಸೀದಿ ಕೊಡುತ್ತೇವೆ' ಎಂದು ಘೋಷಿಸುವ ಮುನ್ನವೂ ಯೋಚಿಸಿ: ಒಂದೇ ಧರ್ಮದವರ ಹಿತಕ್ಕಾಗಿ ಇರುವ ಸಂಸ್ಥೆಗೆ ಕೊಟ್ಟ ದೇಣಿಗೆಗೆ ಆ ತೆರಿಗೆ ರಿಯಾಯಿತಿ ಸಾಮಾನ್ಯವಾಗಿ ಸಿಗುವುದಿಲ್ಲ. ಇನ್ನು ಗಡಿ ದಾಟಿ ಉದಗೀರ, ದೇಗಲೂರಿನಲ್ಲಿ ಮನೆಮನೆ ವಂತಿಗೆ ಎತ್ತುವುದಾದರೆ ಅಲ್ಲಿ ಮಹಾರಾಷ್ಟ್ರದ ಸಾರ್ವಜನಿಕ ಟ್ರಸ್ಟ್ ಕಾಯ್ದೆ ನಡೆಯುತ್ತದೆ. ನೋಂದಾಯಿತ ಟ್ರಸ್ಟ್ ಅಲ್ಲದವರು 41ಸಿ ಕಲಮಿನಡಿ ಚಾರಿಟಿ ಕಮಿಷನರ್ ಕಚೇರಿಗೆ ಮೊದಲು ಹೋಗಬೇಕು. ಅಲ್ಲಿನ ಗಣೇಶೋತ್ಸವ ಮಂಡಳಿಗಳೂ ಇದೇ ಕಲಮಿನಡಿ ಪರವಾನಗಿ ಪಡೆಯುತ್ತವೆ.

ನಿಜವಾದ ಗುಂಡಿ ಇರುವುದು ಹೊರದೇಶದ ಹಣದಲ್ಲಿ. 2010ರ ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆ, ಅಂದರೆ ಎಫ್‌ಸಿಆರ್‌ಎ, ದೊಡ್ಡ ಸಂಸ್ಥೆಗಳಿಗೆ ಮಾತ್ರ ಎಂಬುದು ಬಹುಜನರ ನಂಬಿಕೆ. ಅದರ 11ನೇ ಕಲಮು ಹಾಗೆ ಹೇಳುವುದಿಲ್ಲ. ಧಾರ್ಮಿಕ ಕಾರ್ಯಕ್ರಮ ಇಟ್ಟುಕೊಂಡ ಯಾವ 'ವ್ಯಕ್ತಿ'ಯೂ ನೋಂದಣಿ ಅಥವಾ ಪೂರ್ವಾನುಮತಿ ಇಲ್ಲದೆ ವಿದೇಶಿ ದೇಣಿಗೆ ಪಡೆಯುವಂತಿಲ್ಲ. ವ್ಯಕ್ತಿ ಎಂದರೆ ಅದರಲ್ಲಿ ಒಬ್ಬಂಟಿ ಮನುಷ್ಯನೂ ಸೇರುತ್ತಾನೆ. ಹಣ ಡಾಲರಿನಲ್ಲೇ ಬರಬೇಕೆಂದೂ ಇಲ್ಲ. ಅಮೆರಿಕದ ಪ್ರಜೆಯೊಬ್ಬರು ಬೀದರಿಗೆ ಬಂದು ಲಕೋಟೆಯಲ್ಲಿ ರೂಪಾಯಿ ಇಟ್ಟುಕೊಟ್ಟರೂ ಅದು ವಿದೇಶಿ ದೇಣಿಗೆಯೇ. ಅವರು ನಿಮ್ಮ ಊರಿನಲ್ಲೇ ಹುಟ್ಟಿ, ಕನ್ನಡದಲ್ಲೇ ಪ್ರಾರ್ಥಿಸುವವರಾಗಿದ್ದರೂ, ಪಾಸ್‌ಪೋರ್ಟ್ ಬದಲಾಗಿದ್ದರೆ ಕಾನೂನಿಗೆ ಅವರು ವಿದೇಶಿ ಮೂಲ. ಓಸಿಐ, ಅಂದರೆ ಸಾಗರೋತ್ತರ ಭಾರತೀಯ ನಾಗರಿಕ ಕಾರ್ಡು ಇದ್ದರೂ ಇದು ಬದಲಾಗದು. ಉಲ್ಲಂಘನೆಗೆ ಐದು ವರ್ಷದವರೆಗೆ ಜೈಲು, ದಂಡ ಅಥವಾ ಎರಡೂ ಇವೆ.

ವಿನಾಯಿತಿಗಳಿವೆ, ಜನ ಎಡವುವುದೂ ಅಲ್ಲೇ. ದುಬೈಯಲ್ಲೋ ಕುವೈತಿನಲ್ಲೋ ದುಡಿಯುತ್ತಿರುವ, ಈಗಲೂ ಭಾರತದ ಪಾಸ್‌ಪೋರ್ಟೇ ಇರುವವರು ಸ್ವಂತ ಉಳಿತಾಯದಿಂದ ಬ್ಯಾಂಕಿನ ಮೂಲಕ ಕೊಟ್ಟರೆ ಅದು ವಿದೇಶಿ ದೇಣಿಗೆಯಲ್ಲ. ಅವರ ಪಾಸ್‌ಪೋರ್ಟಿನ ನಕಲು ಪಡೆದು ರಸೀದಿಗೆ ಲಗತ್ತಿಸಿ. ವಿದೇಶಿ ಪ್ರಜೆಯಾದ ಹತ್ತಿರದ ಸಂಬಂಧಿ ನಿಮಗೆ ಹಣ ಕಳಿಸಬಹುದು. ವರ್ಷಕ್ಕೆ ₹10 ಲಕ್ಷ ದಾಟಿದರೆ ಮೂರು ತಿಂಗಳೊಳಗೆ ಸರ್ಕಾರಕ್ಕೆ ತಿಳಿಸಬೇಕು. ಆದರೆ ಅಣ್ಣ ತನ್ನ ಅಲ್ಲಿಯ ಚರ್ಚಿನವರಿಂದ ಎತ್ತಿದ ಹಣವನ್ನು ತಮ್ಮನ ಖಾತೆಗೆ ಹಾಕಿದರೆ ಅದು ಅಣ್ಣನ ಹಣವಲ್ಲ, ಕೈ ಬದಲಾದ ವಿದೇಶಿ ದೇಣಿಗೆ. 'ಒಂದು ಲಕ್ಷದವರೆಗೆ ಏನೂ ಆಗೋದಿಲ್ಲ' ಎಂಬ ಮಾತು ಅರ್ಧ ಸತ್ಯ: ಆ ಮಿತಿ ಸ್ವಂತ ಬಳಕೆಗೆ ಉಡುಗೊರೆಯಾಗಿ ಬಂದ ವಸ್ತುವಿಗೆ, ನಗದಿಗಲ್ಲ. ವೆಸ್ಟರ್ನ್ ಯೂನಿಯನ್‌ನಂಥ ಅಂಗಡಿ ಸೇವೆಯೂ ಕುಟುಂಬ ನಿರ್ವಹಣೆಯಂಥ ಖಾಸಗಿ ಹಣಕ್ಕೆ ಮೀಸಲು; ರಿಸರ್ವ್ ಬ್ಯಾಂಕಿನ ನಿಯಮದಂತೆ ಅದರಲ್ಲಿ ಧರ್ಮಸಂಸ್ಥೆಗೆ ದೇಣಿಗೆ ತರಿಸುವಂತಿಲ್ಲ. ಫಾರಮಿನಲ್ಲಿ 'ಕುಟುಂಬ ಖರ್ಚು' ಎಂದು ಬರೆಸುವ ಏಜೆಂಟನಿಗೆ ತನ್ನ ಕಮಿಷನ್ ಸಿಗುತ್ತದೆ, ಸುಳ್ಳಿನ ಕೆಳಗಿನ ಸಹಿ ಮಾತ್ರ ನಿಮ್ಮದು.

ಇದಕ್ಕಿಂತ ಅಪಾಯಕಾರಿ ಎಂದರೆ 'ನಮ್ಮ ಹತ್ತಿರ ಎಫ್‌ಸಿಆರ್‌ಎ ಇದೆ, ನಮ್ಮ ಮೂಲಕ ತರಿಸಿ, ಹತ್ತು ಪರ್ಸೆಂಟ್ ಕೊಡಿ' ಎನ್ನುವ ಮಧ್ಯವರ್ತಿ. 2020ರ ಸೆಪ್ಟೆಂಬರಿನ ತಿದ್ದುಪಡಿಯ ನಂತರ ನೋಂದಾಯಿತ ಸಂಸ್ಥೆ ತನಗೆ ಬಂದ ವಿದೇಶಿ ಹಣವನ್ನು ಬೇರೆ ಯಾರಿಗೂ ದಾಟಿಸುವಂತಿಲ್ಲ. ಅದೇ ಸಂಸ್ಥೆ ತನ್ನ ನೋಂದಣಿಯ ಉದ್ದೇಶದೊಳಗೆ ತಾನೇ ಪ್ರವಾಸ ನಡೆಸಿ, ಗಾಡಿ ಬಾಡಿಗೆಯ ಬಿಲ್ಲನ್ನು ತಾನೇ ಕಟ್ಟಬಹುದು. ನಿಮ್ಮ ಖಾತೆಗೆ ಹಾಕುವಂತಿಲ್ಲ. ಸ್ವಂತವಾಗಿ ಪಡೆಯುವುದಾದರೆ ಗೃಹ ಸಚಿವಾಲಯದ ಆನ್‌ಲೈನ್ ಪೋರ್ಟಲ್‌ನಲ್ಲಿ ಪೂರ್ವಾನುಮತಿಗೆ ಅರ್ಜಿ ಹಾಕಿ, ಕೊಡುವವರ ಒಪ್ಪಿಗೆ ಪತ್ರ ಲಗತ್ತಿಸಿ, ದಿಲ್ಲಿಯ ಸಂಸದ್ ಮಾರ್ಗದ ಎಸ್‌ಬಿಐ ಶಾಖೆಯಲ್ಲೇ ಖಾತೆ ತೆರೆಯಬೇಕು. ಒಂದು ವಾರದ ಪ್ರವಾಸಕ್ಕೆ ಇಷ್ಟು ಓಡಾಟ ಸಾಮಾನ್ಯನಿಗೆ ತಕ್ಕದ್ದೇ ಎಂದು ಸಿಟ್ಟು ಬರುತ್ತದೆ, ಬರಬೇಕಾದದ್ದೇ. ಆ ಸಿಟ್ಟಿನಲ್ಲಿ 'ಒಳಗಿನವರು ಗೊತ್ತು' ಎನ್ನುವವನ ಕೈ ಹಿಡಿಯಬೇಡಿ. 2022ರ ಮೇ ತಿಂಗಳಲ್ಲಿ ಸಿಬಿಐ ಗೃಹ ಸಚಿವಾಲಯದ ಎಫ್‌ಸಿಆರ್‌ಎ ವಿಭಾಗದ ಅಧಿಕಾರಿಗಳನ್ನೂ ಮಧ್ಯವರ್ತಿಗಳನ್ನೂ ಸಂಸ್ಥೆಗಳ ಪ್ರತಿನಿಧಿಗಳನ್ನೂ ಲಂಚದ ಆರೋಪದಲ್ಲಿ ಬಂಧಿಸಿತ್ತು.

ಸಂವಿಧಾನದ 25ನೇ ವಿಧಿ ಧರ್ಮಪ್ರಚಾರದ ಹಕ್ಕು ಕೊಟ್ಟಿದೆಯಲ್ಲ ಎಂಬ ಆಕ್ಷೇಪ ನ್ಯಾಯವಾದದ್ದು. ಆ ಹಕ್ಕು ಇದೆ, ಯಾವ ಠಾಣೆಯೂ ಅದನ್ನು ಕಸಿಯುವಂತಿಲ್ಲ. ಆದರೆ ವಿದೇಶಿ ದೇಣಿಗೆ ಪಡೆಯುವುದು ಯಾರ ಪರಿಪೂರ್ಣ ಹಕ್ಕೂ ಅಲ್ಲವೆಂದು ಸುಪ್ರೀಂ ಕೋರ್ಟ್ 2022ರ ಏಪ್ರಿಲ್ 8ರ ನೋಯೆಲ್ ಹಾರ್ಪರ್ ತೀರ್ಪಿನಲ್ಲಿ ಹೇಳಿದೆ. ಹಕ್ಕನ್ನು ಉಳಿಸಿಕೊಳ್ಳಬೇಕಾದವರು ಲೆಕ್ಕವನ್ನು ಎದುರಾಳಿಯ ಕೈಗೆ ಆಯುಧವಾಗಿ ಕೊಡಬಾರದು. 'ಇಷ್ಟು ಚಿಕ್ಕ ಮೊತ್ತ ಯಾರು ನೋಡುತ್ತಾರೆ' ಎಂಬುದು ಎರಡನೆಯ ಆಕ್ಷೇಪ. ಪ್ರವಾಸದಲ್ಲಿ ಯಾರೋ ದೂರು ಕೊಟ್ಟ ದಿನ ಮೊದಲು ಕೇಳುವುದೇ ಬ್ಯಾಂಕ್ ಪಾಸ್‌ಬುಕ್. ಜೊತೆಗೆ ಬರುವ ಓಸಿಐ ಬಂಧುವಿಗೂ ಒಂದು ಮಾತು: 2021ರ ಮಾರ್ಚಿನ ಅಧಿಸೂಚನೆಯಂತೆ ಧರ್ಮಪ್ರಚಾರದ ಕೆಲಸಕ್ಕೆ ಅವರಿಗೆ ವಿಶೇಷ ಪರವಾನಗಿ ಬೇಕು. ಪ್ರವಾಸಿ ವೀಸಾದವರಿಗಂತೂ ವೇದಿಕೆ ಕೊಡಲೇಬೇಡಿ.

ಹಾಗಾದರೆ ದಾರಿ? ಧಾರೂರಿನ ಮೆಥೋಡಿಸ್ಟ್ ಜಾತ್ರೆಗೆ ಸ್ವಂತ ಬುತ್ತಿ, ಸ್ವಂತ ಖರ್ಚಿನಲ್ಲಿ ಹೋಗುವ ಕುಟುಂಬಗಳಿಗೆ ಗೊತ್ತಿರುವ ದಾರಿಯೇ ಕಾನೂನಿನ ಕಣ್ಣಿಗೂ ನಿರ್ಮಲ: ಊರಿನ ಹಣ, ಸಭೆಯ ಖಾತೆ, ಬರೆದಿಟ್ಟ ಲೆಕ್ಕ. ವಿದೇಶಿ ಹಣ ಈಗಾಗಲೇ ಖಾತೆಗೆ ಬಿದ್ದಿದ್ದರೆ ಖರ್ಚು ಮಾಡಬೇಡಿ, ನಗದಾಗಿ ತೆಗೆದು ಹಂಚಲೂ ಬೇಡಿ. ಹಾಗೇ ಇಟ್ಟು ವಕೀಲರನ್ನು ಕಾಣಿ. ಕೆಲವು ತಪ್ಪುಗಳನ್ನು ದಂಡ ಕಟ್ಟಿ ರಾಜಿ ಮಾಡಿಕೊಳ್ಳಲು ಎಫ್‌ಸಿಆರ್‌ಎಯ 41ನೇ ಕಲಮು ಅವಕಾಶ ಕೊಡುತ್ತದೆ, ಆದರೆ ಅದು ಮುಚ್ಚಿಟ್ಟವರಿಗಿಂತ ತಾವಾಗಿ ಮುಂದೆ ಬಂದವರಿಗೆ ನೆರವಾಗುವ ಬಾಗಿಲು. ಫೀಸಿನ ಭಯವಿದ್ದರೆ ಬೀದರ್ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ಹೋಗಿ. ಮಹಿಳೆಯರಿಗೆ ಆದಾಯ ಎಷ್ಟೇ ಇರಲಿ ಕಾನೂನು ನೆರವು ಉಚಿತ; ಆದಾಯ ಮಿತಿಯೊಳಗಿರುವ ಇತರರಿಗೂ ಉಚಿತ. ಮಧ್ಯವರ್ತಿಗೆ ಕೊಡಬೇಕೆಂದಿದ್ದ ಹತ್ತು ಪರ್ಸೆಂಟೂ ಅಲ್ಲೇ ಉಳಿಯುತ್ತದೆ.